ಹಗೇವು: ನಮ್ಮ ಹಿರಿಯರು ಧಾನ್ಯವನ್ನು ಕಾದ ಬಗೆ
(ಉತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಕೃಷಿಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಬಿತ್ತನೆ, ಗೊಬ್ಬರ, ನೀರಾವರಿ ಇವುಗಳನ್ನು ನನಗಿಂತ ಚೆನ್ನಾಗಿ ಬಲ್ಲ ಒಕ್ಕಲಿಗರು ಈ ಸಭೆಯಲ್ಲಿಯೇ ಕುಳಿತಿರುವರು. ಆದುದರಿಂದ ಅವುಗಳ ಗೋಜಿಗೆ ಹೋಗದೆ, ಬೆಳೆದ ಕಾಳನ್ನು ಹುಳುವಿನ ಬಾಯಿಂದ ನಮ್ಮ ಹಿಂದಿನವರು ಹೇಗೆ ಉಳಿಸಿಕೊಂಡರೆಂಬ ಒಂದೇ ಸಂಗತಿಯನ್ನು ಎತ್ತಿಕೊಂಡಿದ್ದೇನೆ. ವಿಷಯವು ಸಣ್ಣದೆಂದು ತೋರಬಹುದು. ಆದರೆ ಈ ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಅದು ಸಣ್ಣದಾಗಿ ಕಾಣಲಾರದು. ಕಾಳು ಬರುವುದು ವರ್ಷಕ್ಕೊಮ್ಮೆ, ಹಸಿವು ಬರುವುದು ದಿನಕ್ಕೆರಡು ಸಲ. ಸುಗ್ಗಿಯಲ್ಲಿ ಬಂದುದನ್ನು ಮುಂದಿನ ಸುಗ್ಗಿಯವರೆಗೆ, ಮಳೆ ತಪ್ಪಿದರೆ ಅದರಾಚೆಯ ಸುಗ್ಗಿಯವರೆಗೆ, ಕೆಡದಂತೆ ಇಟ್ಟುಕೊಳ್ಳುವ ವಿದ್ಯೆ ಇಲ್ಲದಿದ್ದರೆ ಯಾವ ಊರಿನಲ್ಲಿಯೂ ಯಾವ ದಾಸೋಹವೂ ನಡೆಯುತ್ತಿರಲಿಲ್ಲ. ಬಿತ್ತಿದವನನ್ನು ಲೋಕವು ಹೊಗಳುತ್ತದೆ. ಕಾದಿಟ್ಟವರ ಹೆಸರನ್ನು ಯಾರೂ ಹೇಳುವುದಿಲ್ಲ. ಇಂದು ಅವರನ್ನು ಸ್ವಲ್ಪ ನೆನೆಯೋಣ.

ಮೊದಲು ಹಗೆ ಯಾರೆಂಬುದನ್ನು ತಿಳಿದುಕೊಳ್ಳಬೇಕು. ಇಲಿ, ಹೆಗ್ಗಣ, ಗೆದ್ದಲುಗಳು ಕಣ್ಣಿಗೆ ಕಾಣುವ ಹಗೆಗಳು. ಕಾಣದೆ ಕೆಡಿಸುವುದು ಹುಳು. ನುಸಿ, ಗುಗ್ಗುರು, ಕುಟ್ಟೆ ಎಂದು ಸೀಮೆಗೊಂದು ಹೆಸರಿನಿಂದ ಅದನ್ನು ಕರೆಯುವುದುಂಟು. ಇವುಗಳಲ್ಲಿ ಮೂತಿ ಉದ್ದವಾದ ಒಂದು ಜಾತಿಯು ಜೋಳ, ಅಕ್ಕಿ, ಗೋದಿಗಳ ಕಾಳಿನಲ್ಲಿ ತನ್ನ ಮೂತಿಯಿಂದ ಸಣ್ಣ ರಂಧ್ರವನ್ನು ಕೊರೆದು, ಅದರೊಳಗೆ ಒಂದು ತತ್ತಿಯನ್ನಿಟ್ಟು, ಮೇಲೆ ಅಂಟಿನಂತಹ ಪದಾರ್ಥದಿಂದ ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕಾಳು ನೆಟ್ಟಗಿರುತ್ತದೆ. ಒಳಗೆ ಮರಿಯು ಹಿಟ್ಟನ್ನೆಲ್ಲ ತಿಂದು, ನಮ್ಮ ಸೆಕೆಯ ದಿನಗಳಲ್ಲಿ ಒಂದು ತಿಂಗಳು ಹೆಚ್ಚುಕಡಿಮೆಯಾಗುವಷ್ಟರಲ್ಲಿ ಬೆಳೆದು ಹೊರಬೀಳುತ್ತದೆ. ಬೇಳೆಕಾಳಿನ ಹುಳುವಿನ ರೀತಿಯು ಬೇರೆ. ಅದು ತನ್ನ ತತ್ತಿಯನ್ನು ಹೆಸರು, ತೊಗರಿ, ಅಲಸಂದಿಗಳ ಮೈಮೇಲೆಯೇ ಅಂಟಿಸುತ್ತದೆ. ಮರಿಯು ಅಲ್ಲಿಂದ ಒಳಕ್ಕೆ ಕೊರೆದು ಹೋಗುತ್ತದೆ. ಒಂದು ಜೋಡಿ ಹುಳುವಿನಿಂದ ನೂರಾರು, ನೂರಾರರಿಂದ ಸಾವಿರಾರು. ಹೀಗೆ ನಾಲ್ಕೈದು ತಿಂಗಳಲ್ಲಿ ಚೀಲದೊಳಗಿನ ಕಾಳು ಹೊಟ್ಟಾಗಿ ಹೋಗುವುದನ್ನು ಇಲ್ಲಿರುವ ತಾಯಂದಿರೆಲ್ಲರೂ ಕಂಡವರೇ.

ಈ ಶತ್ರುವಿಗೆ ನಮ್ಮ ಹಿರಿಯರು ವಿಷವನ್ನು ಹಾಕಲಿಲ್ಲ. ಹಾಕಲು ಅವರಲ್ಲಿ ಇರಲೂ ಇಲ್ಲ. ಅವರು ಮಾಡಿದುದೆಲ್ಲ ಇಷ್ಟೆ: ಹುಳುವು ಬದುಕಬೇಕಾದರೆ ಏನೇನು ಬೇಕೋ ಅದೊಂದೊಂದನ್ನೂ ಅದಕ್ಕೆ ಸಿಗದಂತೆ ಮಾಡಿದರು. ಅದಕ್ಕೆ ತೇವ ಬೇಕು, ಓಡಾಡಲು ಕಾಳುಗಳ ನಡುವೆ ತೆರಪು ಬೇಕು, ತತ್ತಿಯನ್ನಂಟಿಸಲು ಕಾಳಿನ ಮೈ ಬೇಕು, ಉಸಿರಾಡಲು ಗಾಳಿ ಬೇಕು. ಈ ನಾಲ್ಕನ್ನೂ ತಪ್ಪಿಸುವ ಉಪಾಯಗಳು ನಮ್ಮ ಹಳ್ಳಿಗಳಲ್ಲಿದ್ದವು. ಅವನ್ನು ಒಂದೊಂದಾಗಿ ಅರಿಕೆಮಾಡುತ್ತೇನೆ.

ಮೊದಲನೆಯದು ಒಣಗಿಸುವುದು. ರಾಶಿಯಾದ ಕೂಡಲೆ ಕಾಳನ್ನು ಮನೆಗೆ ಹೊತ್ತು ತರುವ ಅವಸರವನ್ನು ಹಿರಿಯರು ಮಾಡುತ್ತಿರಲಿಲ್ಲ. ಕಣದಲ್ಲಿ ಹರವಿ, ದಿನಕ್ಕೆ ಹಲವು ಸಲ ಕಾಲಿನಿಂದ ಸಾಲೆಬ್ಬಿಸಿ, ಬಿಸಿಲಿಗೆ ಕೊಡುತ್ತಿದ್ದರು. ಒಣಗಿತೋ ಇಲ್ಲವೋ ಎಂದು ನೋಡಲು ಅವರಲ್ಲಿ ಯಂತ್ರವಿರಲಿಲ್ಲ, ಹಲ್ಲಿತ್ತು. ಕಾಳು ಕಡಿದರೆ ಕಟ್ಟನೆ ಮುರಿಯಬೇಕು. ಹಲ್ಲಿಗೆ ಮೆತ್ತಗೆ ಹತ್ತಿದರೆ ಮತ್ತೆರಡು ಬಿಸಿಲು ಬೇಕು. ನೂರು ಭಾಗ ಧಾನ್ಯದಲ್ಲಿ ನೀರಿನಂಶವು 12 ಭಾಗವನ್ನು ಮೀರಬಾರದೆಂದು ಇಂದಿನ ಶಾಸ್ತ್ರಜ್ಞರು ಹೇಳುವುದೂ, ನಮ್ಮ ಅಜ್ಜಂದಿರ ಹಲ್ಲು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಒಂದೇ. ಒಣ ಕಾಳಿನಲ್ಲಿ ಬೂಷ್ಟು ಏಳುವುದಿಲ್ಲ, ಹುಳುವಿನ ಮರಿಯು ಕಷ್ಟದಿಂದ ಬೆಳೆಯುತ್ತದೆ. ಮೇಲಾಗಿ ಕಡು ಬಿಸಿಲಿನಲ್ಲಿ ತೆಳ್ಳಗೆ ಹರವಿದ ಕಾಳಿನ ಬಿಸಿಯು 50 ಡಿಗ್ರಿಯನ್ನು ಮುಟ್ಟಿ ಕೆಲಹೊತ್ತು ನಿಂತರೆ ಒಳಗಿನ ತತ್ತಿ ಮರಿಗಳೂ ಸಾಯುತ್ತವೆ.

ಎರಡನೆಯದು ಬೂದಿ ಮತ್ತು ಮಣ್ಣು. ಕುಳ್ಳಿನ ಬೂದಿಯನ್ನು ಜರಡಿ ಹಿಡಿದು ಕಾಳಿಗೆ ಬೆರಸಿ ಗಡಿಗೆಯಲ್ಲಿ ತುಂಬುತ್ತಿದ್ದರು. ತೊಗರಿಗೆ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಬಳಿದು ಮತ್ತೆ ಒಣಗಿಸುತ್ತಿದ್ದರು. ಇದನ್ನು ಕಂಡು ನಕ್ಕವರುಂಟು. ಆದರೆ ಹುಳುವಿನ ಮೈಮೇಲೆ ತೆಳುವಾದ ಮೇಣದಂತಹ ಪೊರೆಯಿದ್ದು, ಅದರ ಮೈಯೊಳಗಿನ ನೀರು ಆರಿಹೋಗದಂತೆ ಆ ಪೊರೆಯೇ ಕಾಯುತ್ತದೆ. ನುಣುಪಾದ ಬೂದಿಯೂ ಮಣ್ಣಿನ ಧೂಳೂ ಆ ಪೊರೆಯನ್ನು ಉಜ್ಜಿ ಹೀರಿ ಕೆಡಿಸುತ್ತವೆ. ಹುಳುವು ಒಣಗಿ ಸಾಯುತ್ತದೆ. ಅಲ್ಲದೆ ಕಾಳುಗಳ ನಡುವಿನ ತೆರಪು ಬೂದಿಯಿಂದ ತುಂಬಿಹೋಗುವುದರಿಂದ ಅದಕ್ಕೆ ಹಾದಿಯೇ ಇಲ್ಲದಾಗುತ್ತದೆ.

ಮೂರನೆಯದು ಎಣ್ಣೆ ಮತ್ತು ಸೊಪ್ಪು. ಬೇಳೆಕಾಳುಗಳಿಗೆ ಔಡಲೆಣ್ಣೆಯನ್ನು, ಎಂದರೆ ಹರಳೆಣ್ಣೆಯನ್ನು, ಅಂಗೈಗೆ ಸವರಿಕೊಂಡು ತಿಕ್ಕಿ ಇಡುವ ಪದ್ಧತಿಯು ಇನ್ನೂ ಕೆಲವು ಮನೆಗಳಲ್ಲಿದೆ. ಎಣ್ಣೆಯ ಮೈಗೆ ತತ್ತಿಯು ನೆಟ್ಟಗೆ ಅಂಟದು. ಅಂಟಿದರೂ ಉಸಿರು ಕಟ್ಟಿ ಒಡೆಯದು. ಬೇಳೆಯನ್ನು ಒಡೆದಿಟ್ಟರೆ ಹುಳು ಕಡಿಮೆಯೆಂಬುದನ್ನೂ ನಮ್ಮ ತಾಯಂದಿರು ಕಂಡುಕೊಂಡಿದ್ದರು. ಏಕೆಂದರೆ ಆ ಜಾತಿಯ ಹುಳುವಿಗೆ ಇಡಿಯ ಕಾಳೇ ಹೆಚ್ಚು ಅನುಕೂಲ. ನೆರಳಿನಲ್ಲಿ ಒಣಗಿಸಿದ ಬೇವಿನೆಲೆ, ಲಕ್ಕಿಯ ಸೊಪ್ಪುಗಳನ್ನು ಪದರ ಪದರವಾಗಿ ಹಾಕುವುದು ಹುಳುವನ್ನು ದೂರವಿಡಲು. ಬಿತ್ತುವ ಬೀಜವನ್ನಂತೂ ಬೇರೆಯಾಗಿಯೇ ಕಾಯುತ್ತಿದ್ದರು. ಆಯ್ದ ತೆನೆಗಳನ್ನು ಗೊಂಚಲು ಕಟ್ಟಿ ಒಲೆಯ ಮೇಲಿನ ಜಂತೆಗೆ ತೂಗಹಾಕಿದರೆ ದಿನವೂ ಹೊಗೆಯು ತಾನಾಗಿಯೇ ಅದಕ್ಕೆ ಕಾವಲಿರುತ್ತಿತ್ತು. ಸಣ್ಣ ಬೀಜಗಳು ಒಣಗಿದ ಸೋರೆಯ ಬುರುಡೆಯಲ್ಲಿ ಸೇರುತ್ತಿದ್ದವು. ಈ ಕೆಲಸಗಳೆಲ್ಲ ಮುಖ್ಯವಾಗಿ ಹೆಣ್ಣುಮಕ್ಕಳವು. ಬೆಳೆಯ ಲೆಕ್ಕವನ್ನು ಬರೆದವರು ಗಂಡಸರು. ಕಾಳಿನ ಪ್ರಾಣವನ್ನು ಕಾದವರು ಅವರೆಂಬುದನ್ನು ನಾವು ಮರೆಯಬಾರದು.

ಇನ್ನು ನಾಲ್ಕನೆಯದು ಗಾಳಿಯನ್ನು ತಪ್ಪಿಸುವುದು. ಇದಕ್ಕಾಗಿಯೇ ಹುಟ್ಟಿದುದು ಹಗೇವು. ಮಲೆನಾಡಿನಲ್ಲಿ ನೆಲವು ಸದಾ ತೇವವಾದುದರಿಂದ ಭತ್ತಕ್ಕೆ ಸೆಗಣಿ ಸಾರಿಸಿದ ಬಿದಿರ ಕಣಜವೂ ಮರದ ಪತ್ತಾಯವೂ ಬಂದವು. ಕರಾವಳಿಯವರು ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟಿದರು. ಮಳೆ ಕಡಿಮೆಯಾದ ನಮ್ಮ ಬಯಲುಸೀಮೆಯಲ್ಲಿ ಮಾತ್ರ ಜೋಳವೂ ರಾಗಿಯೂ ಭೂಮಿಯ ಹೊಟ್ಟೆಯನ್ನು ಸೇರಿದವು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ರಾಗಿಯನ್ನು ಹೀಗೆ ಹಗೇವಿನಲ್ಲಿಡುವುದನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿರುವನು.

ಹಗೇವನ್ನು ಕಂಡಿರದ ಕಿರಿಯರು ಈ ಸಭೆಯಲ್ಲಿರುವುದರಿಂದ ಅದರ ರಚನೆಯನ್ನು ಹೇಳುತ್ತೇನೆ. ಊರಿನಲ್ಲಿ ಎತ್ತರವಾದ, ನೀರು ನಿಲ್ಲದ, ಗರಸು ಮಣ್ಣಿನ ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯನು ಇಳಿಯುವಷ್ಟೇ ಇಕ್ಕಟ್ಟಾದ ಬಾಯಿಯನ್ನಿಟ್ಟು, ಕೆಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ ಮಾಡಿ ಅಗೆಯುತ್ತಿದ್ದರು. ಒಳಗೆ ಹುಲ್ಲಿಗೆ ಬೆಂಕಿ ಹಾಕಿ ಗೋಡೆಯ ಪಸೆಯನ್ನು ಆರಿಸುತ್ತಿದ್ದರು. ಮಣ್ಣು ಸೆಗಣಿಗಳಿಂದ ಸಾರಿಸಿ, ತಳಕ್ಕೂ ಸುತ್ತಲಿಗೂ ಒಣ ಹುಲ್ಲನ್ನು ದಪ್ಪವಾಗಿ ಒತ್ತಿ, ಕಾಳನ್ನು ಬಾಯಿಯವರೆಗೆ ಸುರಿಯುತ್ತಿದ್ದರು. ಬಾಯಿಯವರೆಗೆ ಎಂಬ ಮಾತನ್ನು ಲಕ್ಷ್ಯದಲ್ಲಿಡಬೇಕು. ಅರ್ಧ ತುಂಬಿದ ಹಗೇವಿನಲ್ಲಿ ಗಾಳಿಯು ಹೆಚ್ಚು ಉಳಿಯುವುದರಿಂದ ಹುಳುವಿಗೆ ಆಯುಷ್ಯವೂ ಹೆಚ್ಚು. ಮೇಲೆ ಮತ್ತೆ ಹುಲ್ಲು ಹೊಟ್ಟುಗಳನ್ನು ಹಾಕಿ, ಬಂಡೆಯನ್ನು ಮುಚ್ಚಿ, ಸಂದುಗಳಿಗೆ ಕೆಸರು ಮೆತ್ತಿ, ಮಣ್ಣನ್ನೇರಿಸಿ ಬಿಟ್ಟರೆ ಇಲಿಗೂ ಕಳ್ಳನಿಗೂ ಅದು ಎಲ್ಲಿದೆಯೆಂದು ತಿಳಿಯದು.

ಒಳಗೆ ನಡೆಯುವುದೇನು? ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಗೋಡೆಯ ಬದಿಯ ಕಾಳುಗಳು ನೆಲದ ಪಸೆಯಿಂದ ತುಸು ಮೊಳೆತು ಇನ್ನೂ ಹೆಚ್ಚಾಗಿ ಉಸಿರಾಡುತ್ತವೆ. ಒಳಹೊಕ್ಕ ಹುಳುಗಳೂ ಉಸಿರಾಡುತ್ತವೆ. ಹೀಗೆ ಎಲ್ಲವೂ ಸೇರಿ ಮುಚ್ಚಿದ ಗಾಳಿಯಲ್ಲಿನ ಪ್ರಾಣವಾಯುವನ್ನು ತೀರಿಸಿಬಿಡುತ್ತವೆ, ಅಂಗಾರಾಮ್ಲವಾಯುವು ತುಂಬಿಕೊಳ್ಳುತ್ತದೆ. ನೂರರಲ್ಲಿ 21 ಭಾಗವಿದ್ದ ಪ್ರಾಣವಾಯುವು ಎರಡು ಮೂರು ಭಾಗಕ್ಕೆ ಇಳಿದು ನಿಂತರೆ ಕೆಲವು ವಾರಗಳೊಳಗಾಗಿ ಹುಳುಗಳೆಲ್ಲ ಸಾಯುತ್ತವೆ. ಎಂದರೆ ಹುಳುವನ್ನು ಹುಳುವಿನ ಉಸಿರೇ ಕೊಲ್ಲುತ್ತದೆ. ಬದಿಯ ಒಂದು ಪದರ ಕಾಳು ಕೆಟ್ಟು ನಡುವಿನ ರಾಶಿಯನ್ನೆಲ್ಲ ಉಳಿಸುತ್ತದೆ. ಇಂಗ್ಲಂಡಿನ ಬಟ್ಸರ್ ಎಂಬಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಸಂಶೋಧಕನು 1970ರ ದಶಕದಲ್ಲಿ ಆ ದೇಶದ ಪ್ರಾಚೀನರಂತೆಯೇ ಕುಣಿಗಳನ್ನು ತೋಡಿ, ಧಾನ್ಯವನ್ನು ತುಂಬಿ, ಇದೇ ಸಂಗತಿಯನ್ನು ಪ್ರಯೋಗದಿಂದ ತೋರಿಸಿಕೊಟ್ಟನು.

ಇನ್ನೂ ಹಿಂದೆ ಹೋದರೆ, ರೋಮಿನ ಪಂಡಿತನಾದ ವಾರೋ ಎಂಬುವನು ಕ್ರಿಸ್ತಪೂರ್ವ 37ರ ಸುಮಾರಿಗೆ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಬರೆದ ಬೇಸಾಯದ ಗ್ರಂಥದಲ್ಲಿ ನೆಲದೊಳಗಿನ ಕಣಜಗಳನ್ನು ವರ್ಣಿಸಿರುವನು. ಗಾಳಿಯು ತಲಪದ ಕಡೆ ಹುಳುವು ಹುಟ್ಟದೆಂದೂ, ಹೀಗಿಟ್ಟ ಗೋದಿಯು ಐವತ್ತು ವರ್ಷ ಬಾಳುವುದೆಂದೂ ಅವನು ಹೇಳುತ್ತಾನೆ. ಅದೇ ಗ್ರಂಥದಲ್ಲಿ, ಆಗತಾನೆ ತೆರೆದ ಕಣಜದೊಳಗೆ ಇಳಿಯುವುದು ಅಪಾಯವೆಂದೂ, ಕೆಲವರು ಉಸಿರು ಕಟ್ಟಿ ಹೋದುದುಂಟೆಂದೂ, ತೆರೆದು ಕೆಲವು ಹೊತ್ತು ಬಿಟ್ಟು ಕಾಳನ್ನು ತೆಗೆಯಬೇಕೆಂದೂ ಎಚ್ಚರಿಸಿರುವನು. ಈ ಮಾತನ್ನು ನಾನು ಮೊದಲ ಸಲ ಓದಿದಾಗ ಪುಸ್ತಕವನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆನು. ಅದಕ್ಕೆ ಕಾರಣವನ್ನು ಹೇಳಲೇಬೇಕು.

1972ರಲ್ಲಿ ನಮ್ಮ ಕಡೆ ಮಳೆ ಹೋಯಿತು. ಆಗ ನನಗೆ ಹನ್ನೊಂದು ವರ್ಷ. ಮನೆಯಲ್ಲಿದ್ದ ಚೀಲಗಳು ಬರಿದಾದ ಮೇಲೆ ನಮ್ಮ ಅಜ್ಜನವರು ಎರಡು ವರ್ಷಗಳ ಹಿಂದೆ ತುಂಬಿಸಿದ್ದ ಹಗೇವನ್ನು ತೆಗೆಯಿಸಲು ನಿಶ್ಚಯಿಸಿದರು. ಬಂಡೆ ಸರಿಸಿದ ಕೂಡಲೆ ಬೆಚ್ಚನೆಯ ಹುಳಿವಾಸನೆಯೊಂದು ಮೇಲಕ್ಕೆ ಬಂದಿತು. ನಾನು ಬಗ್ಗಿ ನೋಡಹೋದರೆ ಅಜ್ಜನವರು ರಟ್ಟೆ ಹಿಡಿದು ಹಿಂದಕ್ಕೆಳೆದರು. "ತಮ್ಮಾ, ಹಗೇವು ಎರಡು ವರ್ಷ ಉಪವಾಸ ಐತಿ. ಮೊದಲ ಅದಕ್ಕ ಗಾಳಿ ಉಣಸೋಣು, ಆಮ್ಯಾಲ ಅದು ನಮಗ ಉಣಸತೈತಿ" ಎಂದರು. ಅಂದು ಯಾರನ್ನೂ ಹತ್ತಿರ ಬಿಡಲಿಲ್ಲ. ಮರುದಿನ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಇಳಿಬಿಟ್ಟು ಎತ್ತಿ ಬೀಸಿ ಒಳಗಿನ ಗಾಳಿಯನ್ನು ಕದಡಿದರು. ಆಮೇಲೆ ಕಂದೀಲನ್ನು ಇಳಿಸಿದರು. ಅದು ಕೆಳಗೆ ಹೋಗಿ ಆರಿತು. ಸುತ್ತ ನಿಂತವರು ಹಸಿದವರು. ಆದರೂ ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಕಂದೀಲು ಬಹಳ ಹೊತ್ತು ಉರಿದ ಮೇಲೆಯೇ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬನು ಇಳಿದನು.

ಅಷ್ಟೊಂದು ತಡವೇಕೆಂದು ನಾನು ಅಜ್ಜಿಯನ್ನು ಕೇಳಿದೆ. ಅಜ್ಜನವರಿಗೆ ಒಬ್ಬ ತಮ್ಮನಿದ್ದನೆಂಬುದು ನನಗೆ ತಿಳಿದುದು ಅಂದೇ. ಮನೆಯಲ್ಲಿ ಮದುವೆಯೊಂದು ನಡೆದು, ಬೀಗರು ಬಂದು ಕುಳಿತಿದ್ದಾಗ, ತೆರೆದ ದಿನವೇ ಅವಸರದಿಂದ ಹಗೇವಿಗೆ ಇಳಿದ ಆ ಹತ್ತೊಂಬತ್ತು ವರ್ಷದ ಹುಡುಗನು ಮೇಲೆ ಬರಲಿಲ್ಲ. ಹುಳುವನ್ನು ಕೊಂದ ಗಾಳಿಯೇ ಅವನನ್ನೂ ಕೊಂದಿತು. ಆದಕಾರಣ ಹಳೆಯದೆಲ್ಲ ಹಾಲು ಜೇನು ಎಂದು ನಾನು ಹೇಳಲಾರೆ. ಹಗೇವು ಅನ್ನವನ್ನೂ ಕೊಟ್ಟಿತು, ಪ್ರಾಣವನ್ನೂ ತೆಗೆದುಕೊಂಡಿತು. ಇನ್ನೂ ಎಲ್ಲಿಯಾದರೂ ಹಳೆಯ ಹಗೇವೋ ಬಾವಿಯೋ ಮುಚ್ಚಿದ್ದರೆ, ಮಕ್ಕಳನ್ನು ಅದರ ಹತ್ತಿರಕ್ಕೆ ಬಿಡಬೇಡಿರಿ. ದೀಪವು ಉರಿದ ಮಾತ್ರಕ್ಕೆ ಒಳಗಿನ ಗಾಳಿಯು ನಿರ್ದೋಷವೆಂದು ನಂಬಬೇಡಿರಿ. ಬಿದ್ದವನನ್ನು ಎತ್ತಲೆಂದು ಬರಿಗೈಯಲ್ಲಿ ಇಳಿದವನೂ ಬೀಳುತ್ತಾನೆಂಬುದನ್ನು ನೆನಪಿನಲ್ಲಿಡಿರಿ.

ಹಗೇವಿಗೆ ಬೇರೆ ಕುಂದುಗಳೂ ಇದ್ದವು. ಅತಿಮಳೆಯ ವರ್ಷ ನೀರು ಹೊಕ್ಕರೆ ರಾಶಿಯೆಲ್ಲ ಕೊಳೆಯುವುದು. ಬದಿಯ ಜೋಳದ ರೊಟ್ಟಿಗೆ ಒಂದು ಬಗೆಯ ಹುಳಿವಾಸನೆ ಇರುವುದು. ಬಹುಕಾಲ ಹಗೇವಿನಲ್ಲಿದ್ದ ಕಾಳು ಬಿತ್ತನೆಗೆ ಬಾರದು. ಇವೆಲ್ಲಕ್ಕಿಂತ ದೊಡ್ಡ ಕುಂದು ಹಗೇವಿನದಲ್ಲ, ಅದರ ಒಡೆಯನದು. ಹುಳುವಿನಿಂದ ಉಳಿಸಿದ ಕಾಳನ್ನು ಹಸಿದವನಿಂದಲೂ ಉಳಿಸಿ, ಬೆಲೆ ಏರುವುದನ್ನೇ ಕಾಯುತ್ತ ಕುಳಿತರೆ ಆ ಕಾಳಿಗೆ ಅವನೇ ಹುಳು. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಧಾನ್ಯದ ಬೆಲೆಯು ಬಡವನ ಕೈಗೆಟುಕದಷ್ಟು ಏರಿತು. ಮೈಸೂರು ಸಂಸ್ಥಾನವೊಂದರಲ್ಲಿಯೇ 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಕೂಲಿಯವನ ಮನೆಯಲ್ಲಿ ಹಗೇವಿರಲಿಲ್ಲ; ಕಾಯುವ ವಿದ್ಯೆಯು ಕಾಯಲು ಕಾಳಿದ್ದವನಿಗೆ ಮಾತ್ರ ಒದಗುತ್ತದೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಕೋಠಿಯ ಧಾನ್ಯದಲ್ಲಿ ಅರ್ಧವನ್ನು ಪ್ರಜೆಗಳ ಆಪತ್ತಿಗಾಗಿ ಮೀಸಲಿಡಬೇಕು, ಅರ್ಧವನ್ನು ಉಪಯೋಗಿಸಬೇಕು, ಹಳೆಯದನ್ನು ಹೊಸದರಿಂದ ಬದಲಿಸುತ್ತಿರಬೇಕು ಎಂದು ವಿಧಿಸಿದುದರ ಮರ್ಮವು ಇದೇ. ಕಾಯುವುದು ಎಷ್ಟು ಮುಖ್ಯವೋ, ಹೊತ್ತಿಗೆ ತೆರೆಯುವುದೂ ಅಷ್ಟೇ ಮುಖ್ಯ.

ನಮ್ಮ ಅಜ್ಜನವರು ಆ ವರ್ಷ ಮಾಡಿದುದನ್ನು ನಾನು ಕಣ್ಣಾರೆ ಕಂಡೆನು. ಕಾಳನ್ನು ಮೂರು ಪಾಲು ಮಾಡಿದರು. ಒಂದು ಮನೆಗೆ, ಒಂದು ಓಣಿಯವರಿಗೆ, ಮುಂದಿನ ಸುಗ್ಗಿಗೆ ಸೇರಿಗೆ ಸೇರಿನಂತೆ ತಿರುಗಿ ಕೊಡಬೇಕೆಂಬ ಮಾತಿನ ಮೇಲೆ, ಇನ್ನೊಂದು ಊರ ಮಠದ ದಾಸೋಹಕ್ಕೆ, ಯಾವ ಮಾತೂ ಇಲ್ಲದೆ. ತಮ್ಮನನ್ನು ನುಂಗಿದ ಹಗೇವನ್ನೇಕೆ ಮುಚ್ಚಿಸಲಿಲ್ಲವೆಂದು ದೊಡ್ಡವನಾದ ಮೇಲೆ ಒಮ್ಮೆ ಕೇಳಿದೆ. "ತಪ್ಪು ಹಗೇವಿಂದಲ್ಲ, ಅವಸರದ್ದು" ಎಂದಷ್ಟೇ ಹೇಳಿದರು.

ಅದಂತಿರಲಿ. ಈಗ ಹಗೇವುಗಳು ಇಲ್ಲವಾಗಿವೆ ಎಂದರೆ ತಪ್ಪಾಗಲಾರದು. 1965ರಲ್ಲಿ ಭಾರತ ಆಹಾರ ನಿಗಮವು ಸ್ಥಾಪಿತವಾಯಿತು; ನ್ಯಾಯಬೆಲೆಯ ಅಂಗಡಿಗಳು ಹಳ್ಳಿಹಳ್ಳಿಗೂ ಬಂದವು; ಬಡವನ ಮನೆಗೂ ಕಾಳು ಬಂದಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇದರ ಜೊತೆಗೆ ಮನೆಯಲ್ಲಿ ಕಾಳನ್ನು ಕಾಯುವ ಕೈಗುಣವೂ ಕಳೆದುಹೋಗುತ್ತಿದೆ. ಅದರ ಜಾಗದಲ್ಲಿ ವಿಷದ ಗುಳಿಗೆಯು ಬಂದಿದೆ. ಗೋದಾಮಿನಲ್ಲಿ ತಜ್ಞರು ಹಾಕಬೇಕಾದ ಆ ಗುಳಿಗೆಯು ತೇವಕ್ಕೆ ಮಾರಕವಾದ ಅನಿಲವನ್ನು ಬಿಡುತ್ತದೆ. ಅದನ್ನು ತಂದು ಮಲಗುವ ಮನೆಯ ಚೀಲದಲ್ಲಿಟ್ಟು ಪ್ರಾಣವನ್ನು ಕಳೆದುಕೊಂಡವರುಂಟು. ಅದನ್ನು ಬಳಸಿ ಬಳಸಿ, ಅದಕ್ಕೆ ಜಗ್ಗದ ಹುಳುವಿನ ತಳಿಗಳೂ ಹುಟ್ಟಿಕೊಂಡಿವೆ.

ನಾನು ಮತ್ತೆ ಹಗೇವು ತೋಡಿರೆಂದು ಹೇಳಬಂದವನಲ್ಲ. ಅದರೊಳಗಿದ್ದ ತತ್ತ್ವವನ್ನು ಉಳಿಸಿಕೊಳ್ಳಿರೆಂದು ಬೇಡುವವನು. 1987ರ ಹೊತ್ತಿಗೆ ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕದ ಕ್ಯಾಮರೂನ್ ದೇಶದ ರೈತರ ಅಲಸಂದಿಯನ್ನು ಹುಳುವಿನಿಂದ ಉಳಿಸಲು ಕೆಲಸಕ್ಕೆ ತೊಡಗಿ, ಗಾಳಿಯಾಡದ ಪದರದ ಚೀಲವನ್ನು ಸಿದ್ಧಪಡಿಸಿದರು. ಕಾಳನ್ನು ಒಣಗಿಸಿ, ಬಾಯಿಯವರೆಗೆ ತುಂಬಿ, ಬಿಗಿಯಾಗಿ ಕಟ್ಟುವುದು, ಇಷ್ಟೇ ಅದರ ವಿಧಾನ. ಹುಳುವು ತನ್ನ ಉಸಿರಿಗೆ ತಾನೇ ಸಾಯುತ್ತದೆ. ಇದು ಕೈಯಲ್ಲಿ ಹೊರಬಹುದಾದ ಹಗೇವಲ್ಲದೆ ಮತ್ತೇನು? ಅಂತಹ ಚೀಲಗಳು ಈಗ ನಮ್ಮ ದೇಶದಲ್ಲಿಯೂ ದೊರೆಯುತ್ತವೆ. ಅದು ಸಿಗದವರು ಬಿಗಿ ಮುಚ್ಚಳದ ತಗಡಿನ ಡಬ್ಬಿಯನ್ನಾದರೂ ಬಾಯಿಯವರೆಗೆ ತುಂಬಲಿ. ಬೇಳೆಕಾಳಿಗೆ ಎಣ್ಣೆಯ ಕೈ ಇರಲಿ. ಬೀಜಕ್ಕೆ ಬೂದಿ ಇರಲಿ. ಎಲ್ಲಕ್ಕೂ ಮೊದಲು ಬಿಸಿಲಿರಲಿ, ಹಲ್ಲಿನ ಪರೀಕ್ಷೆಯಿರಲಿ.

ಕೊನೆಯದಾಗಿ ಯುವಕರಲ್ಲಿ ಒಂದು ಬಿನ್ನಹ. ಹಗೇವನ್ನು ತುಂಬಿದ ಕೈಗಳು, ತೊಗರಿಗೆ ಕೆಮ್ಮಣ್ಣು ಬಳಿದ ಕೈಗಳು ನಿಮ್ಮ ಮನೆಗಳಲ್ಲಿ ಇನ್ನೂ ಕೆಲವು ಉಳಿದಿವೆ. ಉತ್ಸವವನ್ನು ಮುಗಿಸಿಕೊಂಡು ಊರಿಗೆ ಹೋದ ಮೇಲೆ ಅವರ ಹತ್ತಿರ ಕುಳಿತು, ಯಾವ ಕಾಳನ್ನು ಹೇಗೆ ಇಡುತ್ತಿದ್ದಿರಿ, ಏತಕ್ಕೆ ಹಾಗೆ ಇಡುತ್ತಿದ್ದಿರಿ ಎಂದು ಕೇಳಿ ಬರೆದುಕೊಳ್ಳಿರಿ. ಅವರು ಹೇಳಿದುದೆಲ್ಲ ಸರಿಯಾಗಿರಲಿಕ್ಕಿಲ್ಲ; ಆದರೆ ಕೇಳದೆ ಹೋದರೆ ಸರಿಯಾದುದೂ ಅವರೊಡನೆ ಹೋಗುತ್ತದೆ. ಕಾಯಕದಿಂದ ಬಂದ ಕಾಳು ಹಾಳಾಗದೆ ಹಸಿದವನ ಎಡೆಯನ್ನು ಮುಟ್ಟಿದಾಗಲೇ ಆ ಕಾಯಕವು ಪೂರ್ಣವಾಗುವುದು. ನಡುವೆ ನಿಂತು ಅದನ್ನು ಕಾದವರ ಕೆಲಸವೂ ಕಾಯಕವೇ.